ಮೂವತ್ತೆರಡು ಇಂಚಿನ ಮೀನೂಟ

"ಈ ಸಲ ತಪಸ್ಸುಕಾಲದ ಮೊದಲನೇ ಶುಕ್ರವಾರ ನಮ್ಮ ಹೋಟೆಲಿನ ಹಾಲಲ್ಲಿ ಎಳ್ಳು ಹಾಕಿದ್ರೆ ನೆಲಕ್ಕೆ ಬೀಳಬಾರದು! ಅಷ್ಟು ಜನ ಸೇರ್ಬೇಕು! ಇದು ವರ್ಲಿನ್ ಕುಖೆನ್‌ಬೆಕರನ ಶಪಥ!"

ಹೀಗೆ ಘರ್ಜಿಸಿ ವರ್ಲಿನ್ ಮೇಜು ಗುದ್ದಿದ ರಭಸಕ್ಕೆ ಉಪ್ಪಿನ ಡಬ್ಬಿ ಉರುಳಿತು. ಆಲೂಗಡ್ಡೆ ಸುಲಿಯುತ್ತಿದ್ದ ಹೆಂಡತಿ ಲವಾನ್ ತಲೆ ಕೂಡ ಎತ್ತಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಶಪಥಗಳನ್ನು ಆಕೆ ಮೂಟೆಗಟ್ಟಲೆ ಕೇಳಿದ್ದಳು.

"ಶಪಥ ಆಯ್ತಲ್ಲ, ಈಗ ಚೆಲ್ಲಿದ ಉಪ್ಪು ಬಳಿ" ಎಂದಳು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ತುದಿಯಲ್ಲಿರುವ ನಮ್ಮ ಬಿಟರ್ನ್ ಲೇಕ್ ಎಂಬ ಊರಿನಲ್ಲಿ ಶುಕ್ರವಾರ ಸಂಜೆ ಮನೆಯಲ್ಲಿ ಒಲೆ ಹಚ್ಚಿದವರನ್ನು ಕಂಡರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಶುಕ್ರವಾರವೆಂದರೆ ಹೊರಗೆ ಹೋಗಿ ಬಿಯರ್ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಆಲೂಗಡ್ಡೆಯ ಪ್ಯಾನ್‌ಕೇಕು, ಎಲೆಕೋಸಿನ ಸಲಾಡು, ರೈ ಬ್ರೆಡ್ಡು ತಿನ್ನಬೇಕು. ಅದರಲ್ಲೂ ವಿಭೂತಿ ಬುಧವಾರ ಕಳೆದು, ಈಸ್ಟರಿನವರೆಗೆ ಶುಕ್ರವಾರ ಮಾಂಸ ಮುಟ್ಟದ ತಪಸ್ಸುಕಾಲ ಶುರುವಾಯಿತೆಂದರೆ, ಚರ್ಚಿನ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೆ ತೆರೆಯುತ್ತದೋ ಗೊತ್ತಿಲ್ಲದವರಿಗೂ ಭಕ್ತಿ ಉಕ್ಕಿ, ಮಾಂಸ ಬಿಟ್ಟು ಮೀನಿನ ಮೇಲೆ ಬೀಳುತ್ತಾರೆ. ಕುಖೆನ್‌ಬೆಕರ್ ಸಪ್ಪರ್ ಕ್ಲಬ್ಬು ಎಂಬ ಆ ಹೋಟೆಲು ವರ್ಷವಿಡೀ ಉಸಿರಾಡುತ್ತಿದ್ದುದೇ ಆ ಕೆಲವು ಶುಕ್ರವಾರಗಳ ದಯೆಯಿಂದ.

ಆದರೆ ಹೋದ ವರ್ಷ ಅರ್ಧ ಕುರ್ಚಿ ಖಾಲಿ. ಹೊರಗಿನ ಜನವೆಲ್ಲ ಕೆರೆಯಾಚೆ ಲೆಸ್ಟರನ ಪಾನಗೃಹಕ್ಕೆ ಹೋಗಿ ಮೀನು ತಿಂದು ಬಂದಿತ್ತು. ಲವಾನ್‌ಗೆ ಅದನ್ನು ನೋಡಲಾಗಿರಲಿಲ್ಲ. ಆ ಹೋಟೆಲು ಕಟ್ಟಿದವನು ಅವಳ ಅಪ್ಪ. ಹೆಸರು ಮಾತ್ರ ಮದುವೆಯಾದ ಮೇಲೆ ವರ್ಲಿನ್ ತನ್ನದು ಬರೆಸಿಕೊಂಡಿದ್ದ.

"ಜಿಲ್ಲಾ ಶಾಲೆಯಲ್ಲಿ ಅಡುಗೆಗೆ ಬಾ ಅಂತ ಕಾಗದ ಬಂದಿದೆ" ಎಂದಳು ಲವಾನ್, ಸುಲಿಯುವುದನ್ನು ನಿಲ್ಲಿಸಿ. "ಬರ್ತೀನೋ ಇಲ್ವೋ ಅಂತ ಮೊದಲನೇ ಶುಕ್ರವಾರದ ಮಾರನೇ ದಿನ ಬೆಳಿಗ್ಗೆ ಹೇಳ್ಬೇಕು. ಆ ಶುಕ್ರವಾರ ಒಂದು ನೋಡ್ತೀನಿ. ಖಾಲಿ ಕುರ್ಚಿಗಳಿಗೆ ಮೀನು ಕರಿಯೋಕೆ ಇನ್ನು ನನ್ನಿಂದಾಗಲ್ಲ, ವರ್ಲಿನ್. ಬೀಗ ಹಾಕಿ ಹೋಗ್ತೀನಿ."

ಇದು ಶಪಥವಲ್ಲ. ಲವಾನ್ ಮೇಜು ಗುದ್ದಿರಲಿಲ್ಲ. ಅದಕ್ಕೇ ವರ್ಲಿನ್‌ಗೆ ಎದೆ ಧಸಕ್ಕೆಂದಿತು.

ರೋಗ ಯಾವುದೆಂದು ಅವನು ಅಂದೇ ಪತ್ತೆ ಹಚ್ಚಿದ. ಲೆಸ್ಟರನಿಗೆ ವೆಬ್‌ಸೈಟಿದೆ, ತಮಗಿಲ್ಲ! ಔಷಧಿಯೂ ತಾನೇ ಅರೆಯುತ್ತೇನೆಂದು ಹೊರಟ. ಮೂವತ್ತೆರಡು ಇಂಚಿನ ಕಂಪ್ಯೂಟರ್ ಪರದೆ ತಂದು ಬಾರ್ ಕಟ್ಟೆಯ ಮೇಲೆ ಪ್ರತಿಷ್ಠಾಪಿಸಿದ. ಬ್ರಾಂಡಿ ಬಾಟಲಿಗಳು ಅದರ ಬೆನ್ನ ಹಿಂದೆ ಮರೆಯಾದವು. ಇಡೀ ಚಳಿಗಾಲ ಅದರ ಮುಂದೆ ಕೂತು, ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ, ಆ ಮಹಾಕಾರ್ಯ ಮುಗಿಸಿದ.

ಎಂಥ ವೆಬ್‌ಸೈಟು ಅಂತೀರಿ! ತೆರೆದರೆ ಸಾಕು, ಅಕಾರ್ಡಿಯನ್ ವಾದ್ಯ ಪೋಲ್ಕಾ ಕುಣಿತದ ರಾಗ ಬಾರಿಸತೊಡಗುತ್ತದೆ. ಎಡತುದಿಯಿಂದ ಒಂದು ಮೀನು ಚಂಗನೆ ನೆಗೆದು ಚಿತ್ರದ ಕೆರೆಯನ್ನೆಲ್ಲ ದಾಟಿ ಬಲತುದಿಯಲ್ಲಿ ಮುಳುಗುತ್ತದೆ. ಆಮೇಲೆ ಮೀಸೆ ಸಮೇತ ವರ್ಲಿನ್‌ನ ಭಾವಚಿತ್ರ. ಅದರ ಕೆಳಗೆ ಕುಖೆನ್‌ಬೆಕರ್ ವಂಶದ ಮೂಲಪುರುಷ ಹಡಗು ಹತ್ತಿದಲ್ಲಿಂದ ಶುರುವಾಗುವ ಚರಿತ್ರೆ. ಮೂಲಪುರುಷ ದಡ ಮುಟ್ಟಿ, ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳಾದ ಮೇಲೆ ಒಂದು ಮೂಲೆಯಲ್ಲಿ ಮೂರು ಸಾಲು ಬರುತ್ತವೆ: 'ಶುಕ್ರವಾರದ ಮೀನು', 'ಮದುವೆ ಔತಣ', 'ಅಂತ್ಯಕ್ರಿಯೆಯ ಊಟ'. ಬೇಕಾದ್ದನ್ನು ಒತ್ತಿದರೆ ತುಂಬಬೇಕಾದ ಹತ್ತೊಂಬತ್ತು ಖಾನೆಗಳ ಅರ್ಜಿ.

ವರ್ಲಿನ್ ಹಾಲಿನ ಆಚೆ ತುದಿಗೆ ಹೋಗಿ ನಿಂತು ನೋಡಿದ. ಅಲ್ಲಿಗೂ ಒಂದೊಂದು ಅಕ್ಷರ ಲಕ್ಷಣವಾಗಿ ಕಾಣುತ್ತಿತ್ತು.

"ಹೇಗಿದೆ?" ಎಂದು ಅತ್ತೆ ಗೆರ್ಡಾಳನ್ನು ಕೇಳಿದ. ಗೆರ್ಡಾಗೆ ಎಂಬತ್ತನಾಲ್ಕು. ದಿನವಿಡೀ ಫೋನಿನಲ್ಲಿ ಇಸ್ಪೀಟು ಆಡಿ ಅರ್ಧ ಊರನ್ನು ಸೋಲಿಸುವ ಮುದುಕಿ. ಆಕೆ ದೊಡ್ಡ ಪರದೆಯತ್ತ ತಿರುಗಲೇ ಇಲ್ಲ, ತನ್ನ ಫೋನಿನಲ್ಲೇ ತೆರೆದು ನೋಡಿದಳು.

"ಅಳಿಯಾ, ಇದರಲ್ಲಿ ಇರುವೆ ಸಾಲು ಹೊರಟ ಹಾಗಿದೆ."

"ಅದು ನಿಮ್ಮ ಕನ್ನಡಕದ ದೋಷ, ಅತ್ತೆ."

"ಕನ್ನಡಕ ಹೋದ ತಿಂಗಳು ಬದಲಾಯಿಸಿದೀನಿ. ನೀನು ಇದನ್ನ ಬದಲಾಯಿಸು. ಈ ಸಾಲು ಒತ್ತೋಕೆ ಹೋದ್ರೆ ಹೆಬ್ಬೆಟ್ಟು ಮೂರೂ ಸಾಲಿನ ಮೇಲೆ ಕೂರ್ತದೆ."

ಲವಾನ್ ಅಡುಗೆಮನೆಯಿಂದಲೇ ದನಿ ಸೇರಿಸಿದಳು. "ಚಳಿಗಾಲದಲ್ಲಿ ನಮ್ಮಲ್ಲಿಗೆ ಬರೋರು ಯಾರು? ಹಿಮದ ಮೇಲೆ ಸ್ನೋಮೊಬೈಲ್ ಗಾಡಿ ಓಡಿಸೋರು. ಕಾಡು ದಾರೀಲಿ ಗಾಡಿ ನಿಲ್ಸಿ, ಒಂದು ಕೈಗವಸು ಬಿಚ್ಚಿ, 'ಮೀನು ಎಲ್ಲಿ ಸಿಗ್ತದೆ' ಅಂತ ಫೋನ್ ನೋಡ್ತಾರೆ. ಬೆರಳು ಮರಗಟ್ಟೋಕೆ ಒಂದು ನಿಮಿಷ ಸಾಕು. ಅಷ್ಟರಲ್ಲಿ ನಿನ್ನ ಮುತ್ತಾತ ಇನ್ನೂ ಹಡಗು ಹತ್ತಿರಲ್ಲ!"

"ಊಟ ಅಂದ್ರೆ ಒಂದು ಮರ್ಯಾದೆ, ಲವಾನ್! ಮರ್ಯಾದಸ್ಥರು ಮನೇಲಿ ಕುರ್ಚಿ ಮೇಲೆ ಕೂತು, ದೊಡ್ಡ ಪರದೆ ಮುಂದೆ ವಿಚಾರ ಮಾಡಿ ಬರ್ತಾರೆ. ಫೋನು ಅನ್ನೋದು ಮಾತಾಡೋಕೆ!" ಎಂದು ವರ್ಲಿನ್ ತನ್ನ ಮಡಿಚುವ ಫೋನನ್ನು ಟಪ್ಪೆಂದು ಮುಚ್ಚಿದ. ಅದರಲ್ಲಿ ವೆಬ್‌ಸೈಟು ಒತ್ತಟ್ಟಿಗಿರಲಿ, ಗಂಟೆ ಸರಿಯಾಗಿ ಕಂಡರೆ ಹೆಚ್ಚು.

ಮೊದಲನೇ ಶುಕ್ರವಾರಕ್ಕೆ ಮೂರು ದಿನವಿದ್ದಾಗ ಕಂಪ್ಯೂಟರು ಟಿಣ್ ಎಂದಿತು. ವರ್ಲಿನ್ ಓಡಿದ.

"ಲವಾನ್! ಈ ಶುಕ್ರವಾರ ಟೆಷ್ ಅನ್ನೋರ ಮದುವೆ ಔತಣ! ನೂರಿಪ್ಪತ್ತು ಜನ!"

ಟಿಣ್! ಹಾಲ್ವರ್ಸನ್ ಮನೆಯ ಅಂತ್ಯಕ್ರಿಯೆಯ ಊಟ, ನೂರಿಪ್ಪತ್ತು ಜನ. ಟಿಣ್! ಇನ್ನೊಂದು ಮದುವೆ, ನೂರಿಪ್ಪತ್ತು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಆರು ಮದುವೆ, ಮೂರು ಸಾವು! ವರ್ಲಿನ್ ಪೋಲ್ಕಾ ಹಾಕಿಕೊಂಡು ಹಾಲಿನ ನಡುವೆ ಒಬ್ಬನೇ ಕುಣಿದ.

ಲವಾನ್ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಹುಬ್ಬು ಗಂಟಿಕ್ಕಿತ್ತು.

"ತಪಸ್ಸುಕಾಲದಲ್ಲಿ ಮದುವೆನಾ? ಅದೂ ಆರು? ಪಾದ್ರಿಗಳು ಒಪ್ಪಿದ್ರಾ?"

"ಕಾಲ ಬದಲಾಗಿದೆ ಕಣೇ!"

"ಸರಿ, ಮೂರು ಸಾವು? ಈ ಊರಲ್ಲಿ ಯಾರಾದ್ರೂ ಸತ್ರೆ ಹೆಣ ತಣ್ಣಗಾಗೋಕೆ ಮುಂಚೆ ಆ ಮನೆಗೆ ನನ್ನ ಕೈಯಿಂದ ಒಂದು ಪಾತ್ರೆ ಊಟ ಹೋಗ್ತದೆ. ಈ ವಾರ ನಾನು ಒಂದು ಪಾತ್ರೇನೂ ಒಯ್ದಿಲ್ಲ. ಸತ್ತೋರು ಯಾರು?"

"ಹೊರಗಿನೋರು! ನನ್ನ ವೆಬ್‌ಸೈಟು ಜಗತ್ತಿಗೆಲ್ಲ ತಲುಪ್ತಾ ಇದೆ. ಎಲ್ಲೆಲ್ಲಿಯವರೋ ಸಾಯ್ತಾ ಇದಾರೆ!"

"ಒಂದು ಫೋನ್ ಮಾಡಿ ಕೇಳಬಾರದಾ, ಪುಣ್ಯಾತ್ಮ?"

ವರ್ಲಿನ್ ಸ್ವಲ್ಪ ತಡವರಿಸಿದ. "ಫೋನ್ ನಂಬರ್ ಇಲ್ಲ. ನಾನು ಫ್ಯಾಕ್ಸ್ ನಂಬರ್ ಕೇಳಿದ್ದೆ."

"ಕೊಟ್ಟಿದಾರಾ?"

"ಒಬ್ಬ ಮಾತ್ರ ಏನೋ ಬರೆದಿದಾನೆ. ನಿನ್ನ ಮುಂದೆ ಓದೋ ಹಾಗಿಲ್ಲ."

ಲವಾನ್ ದೀರ್ಘವಾಗಿ ಉಸಿರೆಳೆದುಕೊಂಡು ಅಡುಗೆಮನೆಗೆ ಹೋದಳು. ಹೋಗಲಿ, ಗಂಡ ಹೇಳಿದ್ದು ನಿಜವೇ ಆಗಿಬಿಟ್ಟರೆ ಎಂಬ ಆಸೆ ಅವಳಿಗೂ ಇತ್ತಲ್ಲ! ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಲ್ಲಿಂದ ವರ್ಲಿನ್‌ನ ಆಡಳಿತ ಶುರುವಾಯಿತು. ಅರ್ಧ ಗಂಟೆಗೊಂದು ತಂಡ! ಕಿಟಕಿ ಕಡೆ ಮದುವೆಗಳಿಗೆ ಬಿಳಿ ಬಟ್ಟೆ, ಗೋಡೆ ಕಡೆ ಸಾವುಗಳಿಗೆ ಕಪ್ಪು ರಿಬ್ಬನ್ನು. ಸಾವಿರ ಜನಕ್ಕಾಗುವಷ್ಟು ಮೀನಿಗೆ ಹೇಳಿ ಕಳಿಸಿದ. ಮೀನಿನ ಲಾರಿ ಹಿತ್ತಲಿಗೆ ಹಿಂದುಹಿಂದಾಗಿ ಬರುವುದನ್ನು ಇಡೀ ಊರೇ ನಿಂತು ನೋಡಿತು. ಗೆರ್ಡಾ ಕೂಡ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ನೋಡಿದಳು.

ಇಷ್ಟರ ನಡುವೆ ಗೋಡೆಯ ಫೋನು ಬಡಿದುಕೊಳ್ಳುತ್ತಿತ್ತು. ಇಪ್ಪತ್ತು ವರ್ಷದಿಂದ ಪ್ರತಿ ಶುಕ್ರವಾರ ಬರುವ ಕಾಯಂ ಗಿರಾಕಿಗಳು.

"ವರ್ಲಿನ್, ಎಂದಿನ ಹಾಗೆ ಐದು ಗಂಟೆಗೆ ಆರು ಜನ."

"ಕ್ಷಮಿಸಿ! ಈ ವಾರ ಸುತರಾಂ ಜಾಗ ಇಲ್ಲ. ಮುಂಚೆ ವೆಬ್‌ಸೈಟಲ್ಲಿ ತಿಳಿಸಬೇಕಿತ್ತು!"

ಆ 'ಸುತರಾಂ' ಹೇಳುವಾಗ ಅವನಿಗೆ ಎಷ್ಟು ಹಿತವಾಗುತ್ತಿತ್ತೆಂದರೆ, ಬೇಕೆಂದೇ ಎಳೆದೆಳೆದು ಹೇಳಿದ. ಹೀಗೆ ಒಂದಲ್ಲ, ಎರಡಲ್ಲ, ಊರಿನ ಅರ್ಧಕ್ಕರ್ಧ ಮನೆಗಳಿಗೆ ಹೇಳಿದ. ಲವಾನ್‌ಗೆ ಮಾತ್ರ ಹೇಳಲಿಲ್ಲ.

ಶುಕ್ರವಾರ ಸಂಜೆ ಐದಕ್ಕೆ ಎಣ್ಣೆ ಕಾಯುತ್ತಿತ್ತು. ಬೋಗುಣಿ ಬೋಗುಣಿ ಸಲಾಡು ಸಿದ್ಧವಾಗಿತ್ತು. ವರ್ಲಿನ್ ಸೂಟು ತೊಟ್ಟು ಬಾಗಿಲಲ್ಲಿ ನಿಂತಿದ್ದ. ಜೇಬಿಗೆ ಬಿಳಿ ಹೂವು. ಮದುವೆಯವರು ಬಂದರೆ ಹೂವು ಹೊರಗೆ, ಸಾವಿನವರು ಬಂದರೆ ಒಳಗೆ.

ಮೊದಲು ಬಂದದ್ದು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡ ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರ ಹುಬ್ಬಿನ ಮೇಲೂ ಹಿಮ.

"ಟೆಷ್" ಎಂದ ಗಂಡಸು.

"ಬನ್ನಿ ಬನ್ನಿ! ಶುಭವಾಗಲಿ! ಹುಡುಗಿ ಎಲ್ಲಿ?"

"ಯಾವ ಹುಡುಗಿ?"

"ಮದುವೆ ಹುಡುಗಿ!"

ಹೆಂಗಸು ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. "ನಾನೇ ಇರ್ಬೇಕು" ಎಂದಳು ಆಕೆ. "ಆದ್ರೆ ನಲವತ್ತೊಂದು ವರ್ಷ ತಡವಾಗಿ ಕೇಳ್ತಾ ಇದೀರಿ. ಎರಡು ತಟ್ಟೆ ಮೀನು ಕಟ್ಟಿಕೊಡಿ, ಗಾಡಿ ಆರಿಸಿಲ್ಲ."

"ಮತ್ತೆ ಉಳಿದ ನೂರಾ ಹದಿನೆಂಟು ಜನ?"

"ನನಗೇನು ಗೊತ್ತು!" ಎಂದ ಗಂಡ. "ಮೀನು ಅಂತ ಒತ್ತಿದೆ. ಏನೇನೋ ಬಂತು. ಯಾವನೋ ಅಕಾರ್ಡಿಯನ್ ಬಾರಿಸೋಕೆ ಶುರು ಮಾಡಿದ, ನಿಲ್ಲಿಸೋಕೆ ಆಗ್ಲಿಲ್ಲ. ಬೆರಳು ಸೆಟೆದು ಹೋಗಿತ್ತು. ಕೊನೇಲಿದ್ದ ಗುಂಡಿ ಒತ್ತಿ ಕೈಗವಸು ಹಾಕ್ಕೊಂಡೆ."

ವರ್ಲಿನ್ ಎರಡು ತಟ್ಟೆ ಕಟ್ಟಿಸಿ ಕೊಟ್ಟ. ಅಷ್ಟರಲ್ಲಿ ಇನ್ನೊಬ್ಬ ಬಂದ. "ಡ್ವೇನ್ ಹಾಲ್ವರ್ಸನ್." ಸಾವಿನ ಮನೆ! ವರ್ಲಿನ್ ಹೂವನ್ನು ಒಳಕ್ಕೆ ತುರುಕಿ, ಮುಖ ಇಳಿಬಿಟ್ಟು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿಮ್ಮ ದುಃಖದಲ್ಲಿ ನಾವೂ ಪಾಲುದಾರರು."

ಡ್ವೇನ್ ತಲೆಯಾಡಿಸಿದ. "ಇಡೀ ರಾಜ್ಯಕ್ಕೇ ದುಃಖ ಬಿಡಿ. ಪಂದ್ಯದ ಕೊನೇ ಎರಡು ನಿಮಿಷದಲ್ಲಿ ಚೆಂಡು ಕೈ ಬಿಡ್ತಾರಾ ಯಾರಾದ್ರೂ? ಇನ್ನು ಮುಂದಿನ ವರ್ಷ ನೋಡ್ಬೇಕು."

"ಮುಂದಿನ ವರ್ಷವಾ? ಅಲ್ಲ ಸರ್, ತೀರಿಕೊಂಡವರು ಯಾರು?"

"ಯಾರು ತೀರಿಕೊಂಡ್ರು?" ಡ್ವೇನ್ ಗಾಬರಿಯಾದ. "ನಮ್ಮಮ್ಮ ಬೆಳಿಗ್ಗೆ ಚೆನ್ನಾಗಿದ್ಳಲ್ಲ! ಫೋನ್ ಬಂತಾ ಇಲ್ಲಿಗೆ?"

ಡ್ವೇನ್‌ನ ಅಮ್ಮ ಬದುಕಿದ್ದಾಳೆಂದು ಖಾತ್ರಿಯಾಗಲು ಐದು ನಿಮಿಷ ಹಿಡಿಯಿತು. ಆಮೇಲೆ ಅವನು ಸಿಟ್ಟಿನಿಂದ ತನ್ನ ಫೋನನ್ನು ವರ್ಲಿನ್‌ನ ಮೂಗಿಗೆ ಹಿಡಿದ. "ನೋಡ್ರೀ, ನೀವೇ ಒತ್ತಿ! ಒಂದು ತಟ್ಟೆ ಮೀನು ತಗೊಳ್ಳಿ ನೋಡೋಣ!"

ವರ್ಲಿನ್ ತನ್ನ ವೆಬ್‌ಸೈಟನ್ನು ಫೋನಿನಲ್ಲಿ ನೋಡಿದ್ದು ಆಗಲೇ, ಮೊಟ್ಟಮೊದಲ ಸಲ. ಅತ್ತೆ ಹೇಳಿದ ಇರುವೆ ಸಾಲು ಅಲ್ಲಿತ್ತು. ಹಿಗ್ಗಿಸಿದರೆ ಪರದೆ ತುಂಬ ತನ್ನ ಮೀಸೆಯೊಂದೇ ಬಂತು. ಸರಿಸಿದರೆ ಹಡಗು. ಇನ್ನೂ ಸರಿಸಿದರೆ ಹಡಗಿನ ಹಿಂಭಾಗ. ಅಂತೂ ಮೀನಿನ ಸಾಲು ಸಿಕ್ಕಿತು. ಉಸಿರು ಬಿಗಿಹಿಡಿದು ಒತ್ತಿದ. ಅರ್ಜಿ ತೆರೆಯಿತು. ಜನ ಎಷ್ಟು ಎಂಬ ಖಾನೆಯಲ್ಲಿ ತಾನೇ ಮೊದಲೇ ತುಂಬಿಸಿಟ್ಟಿದ್ದ ನೂರಿಪ್ಪತ್ತು ಕೂತಿತ್ತು. ತಲೆಬರಹ ಹೇಳುತ್ತಿತ್ತು: ಮದುವೆ ಔತಣ!

"ಶುಭವಾಗಲಿ" ಎಂದ ಡ್ವೇನ್. "ಒಂದು ತಟ್ಟೆ ಮೀನು ಕೊಡ್ತೀರಾ ಈಗ?"

ಅರ್ಧ ಗಂಟೆಗೊಂದು ತಂಡದ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ, ಐದೂಮುಕ್ಕಾಲಕ್ಕೇ ಆರು ಮದುವೆ, ಮೂರು ಸಾವು ಎಲ್ಲ ಬಂದು ಹೋದವು. ಒಟ್ಟು ಹದಿನೇಳು ತಟ್ಟೆ ಖರ್ಚಾಯಿತು. ಲವಾನ್ ಅಡುಗೆಮನೆಯಿಂದ ಹೊರಬಂದು ಹಾಲಿನ ನಡುವೆ ನಿಂತಳು. ಬಿಳಿ ಬಟ್ಟೆ, ಕಪ್ಪು ರಿಬ್ಬನ್ನು, ಸಾಲು ಸಾಲು ಕುರ್ಚಿ. ಒಂದು ನರಪಿಳ್ಳೆಯಿಲ್ಲ.

"ನಮ್ಮ ಕಾಯಂ ಜನ ಎಲ್ಲಿ, ವರ್ಲಿನ್?"

ವರ್ಲಿನ್ ಹೂವನ್ನು ಹೊರಗೆ ತೆಗೆದ, ಒಳಗಿಟ್ಟ, ಮತ್ತೆ ತೆಗೆದ.

"ಜಾಗ ಇಲ್ಲ ಅಂದೆ."

"ಯಾರಿಗೆ?"

"ಎಲ್ಲರಿಗೂ."

"ಅಮ್ಮ ಎಲ್ಲಿ? ಶುಕ್ರವಾರ ತಪ್ಪಿಸಿದವಳಲ್ಲ."

ವರ್ಲಿನ್ ಗೋಡೆಯ ಫೋನಿನ ಕಡೆ ನೋಡಿದ.

"ನಮ್ಮಮ್ಮನಿಗೂ ಜಾಗ ಇಲ್ಲ ಅಂದ್ಯಾ? ನಮ್ಮಪ್ಪ ಕಟ್ಟಿದ ಹೋಟ್ಲಲ್ಲಿ? ನಮ್ಮಮ್ಮನಿಗೆ?"

"ಸುತರಾಂ ಅನ್ಲಿಲ್ಲ ಅವರಿಗೆ" ಎಂದ ವರ್ಲಿನ್ ಸಣ್ಣ ದನಿಯಲ್ಲಿ.

ಲವಾನ್ ಕಿರುಚಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ಮಡಿಚಿ, ಮದುವೆ ಮೇಜಿನ ಮೇಲಿಟ್ಟಳು. "ಎಣ್ಣೆ ಆರಿಸು. ನಾಳೆ ಬೆಳಿಗ್ಗೆ ಶಾಲೆಗೆ ಹೂಂ ಅಂತ ಹೇಳ್ತೀನಿ." ವರ್ಲಿನ್‌ಗೆ ನಾಚಿಕೆಯಾಯಿತು. ಹೆದರಿಕೆಯೂ ಆಯಿತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನ ಬಾಯಿಗೆ ಒಂದು ಶಪಥವೂ ಬರಲಿಲ್ಲ. "ತಪ್ಪಾಯ್ತು ಕಣೇ" ಎಂದ. ಅಷ್ಟೇ ಎಂದ.

ಗೋಡೆಯ ಫೋನು ಬಡಿದುಕೊಂಡಿತು.

"ಕುಖೆನ್‌ಬೆಕರಾ? ಆರು ಜನಕ್ಕೆ ಜಾಗ ಇದೆಯಾ?"

"ಇದೆ" ಎಂದ ವರ್ಲಿನ್. ಕೆಳಗಿಟ್ಟ ಕೂಡಲೇ ಮತ್ತೆ ಬಡಿದುಕೊಂಡಿತು. ನಾಲ್ಕು ಜನ. ಮತ್ತೆ. ಒಂಬತ್ತು ಜನ, ಮೂರು ಮಕ್ಕಳು. ಮತ್ತೆ. ಮತ್ತೆ! ಲವಾನ್ ಕಿಟಕಿಗೆ ಓಡಿದಳು. ಹೆಪ್ಪುಗಟ್ಟಿದ ಕೆರೆಯ ಮೇಲೆ ಆಚೆ ದಡದಿಂದ ಈಚೆ ದಡದವರೆಗೆ ಸ್ನೋಮೊಬೈಲುಗಳ ದೀಪ, ಒಂದರ ಹಿಂದೊಂದು, ಬರುತ್ತಲೇ ಇದ್ದವು. ಅವಳು ಕಣ್ಣು ಒರೆಸಿಕೊಂಡು ಏಪ್ರನ್ನು ಎತ್ತಿಕೊಂಡಳು.

"ಬಾಯಿ ಬಿಟ್ಕೊಂಡು ನಿಂತ್ಯಲ್ಲ, ಆ ಕಪ್ಪು ರಿಬ್ಬನ್ ಕೀಳು ಮೊದ್ಲು!"

ಅರ್ಧ ಗಂಟೆಯಲ್ಲಿ ಹಾಲು ಜಾತ್ರೆಯಾಯಿತು. ಮದುವೆ ಮೇಜೂ ತುಂಬಿತು, ಸಾವಿನ ಮೇಜೂ ತುಂಬಿತು. ವಾಪಸು ಕಳಿಸಿದ್ದ ಕಾಯಂ ಗಿರಾಕಿಗಳೇ ಮುಸಿಮುಸಿ ನಗುತ್ತ ಒಳಬಂದರು. ಒಬ್ಬರಾದರೂ "ಈಗ ಸುತರಾಂ ಇದೆಯಾ?" ಎಂದು ಕೇಳದೆ ಕೂರಲಿಲ್ಲ. ಕೊನೆಗೆ ಗೆರ್ಡಾ ಬಂದಳು, ಯಾರದೋ ಸ್ನೋಮೊಬೈಲಿನ ಹಿಂದೆ ಕೂತು, ಹೆಲ್ಮೆಟ್ಟು ಸಮೇತ.

"ಅತ್ತೆ! ಇದೆಲ್ಲ ಹೇಗೆ?"

"ಹೇಗೆ ಅಂದ್ರೆ?" ಗೆರ್ಡಾ ಹೆಲ್ಮೆಟ್ಟು ತೆಗೆದು ಅಳಿಯನ ಕೈಗೆ ಕೊಟ್ಟಳು. "ನೀನು ಓಡಿಸಿದೋರೆಲ್ಲ ಹೋಗಿ ಲೆಸ್ಟರನ ಮೇಲೆ ಬಿದ್ದಿದ್ವಿ. ಐದೂವರೆಗೆ ಅವನ ಮೀನು ಮುಗೀತು. ಇನ್ನೂ ಜನ ಬರ್ತಾನೇ ಇದೆ. ಅವನು ತಲೆ ಮೇಲೆ ಕೈ ಹೊತ್ಕೊಂಡು ಕೂತ. ಅವನ ಕಿಟಕಿಯಿಂದ ನೋಡ್ತೀನಿ, ಕೆರೆಯಾಚೆ ನಿನ್ನ ಅಂಗಳದಲ್ಲಿ ಒಂದು ಗಾಡಿ ಇಲ್ಲ. 'ಲೆಸ್ಟರ್, ನನ್ನ ಅಳಿಯನ ಹತ್ರ ಒಂದು ಲಾರಿ ಮೀನಿದೆ, ತಿನ್ನೋರಿಲ್ಲ. ನಿನ್ನ ವೆಬ್‌ಸೈಟಲ್ಲಿ ಹಾಕು' ಅಂದೆ. ಹಾಕಿದ."

ಅವಳು ತನ್ನ ಫೋನು ತೋರಿಸಿದಳು. ಲೆಸ್ಟರನ ಪುಟದಲ್ಲಿ ಮೀನು ನೆಗೆಯುತ್ತಿರಲಿಲ್ಲ. ಮುತ್ತಾತನಿರಲಿಲ್ಲ. ದಪ್ಪ ಅಕ್ಷರದ ಒಂದೇ ಮಾತಿತ್ತು: ನಮ್ಮಲ್ಲಿ ಮೀನು ಮುಗಿದಿದೆ, ಕುಖೆನ್‌ಬೆಕರಲ್ಲಿದೆ. ಅದರ ಕೆಳಗೆ ಹೆಬ್ಬೆಟ್ಟಿನಗಲದ ಗುಂಡಿ. ವರ್ಲಿನ್ ಅದನ್ನು ಮೆಲ್ಲಗೆ ಒತ್ತಿದ. ಅವನ ಬೆನ್ನ ಹಿಂದೆ ಗೋಡೆಯ ಫೋನು ಬಡಿದುಕೊಂಡಿತು.

ಚಳಿಗಾಲವಿಡೀ ಕೂತು ಕುಟ್ಟಿದ್ದು ಹದಿನೇಳು ತಟ್ಟೆ ತಂದಿತ್ತು. ಲೆಸ್ಟರ್ ಎರಡು ನಿಮಿಷದಲ್ಲಿ ನಿಂತಲ್ಲೇ ಒತ್ತಿದ್ದು ಇಡೀ ಹಾಲು ತುಂಬಿಸಿತ್ತು. ಅದೂ ಎದುರಾಳಿ ಲೆಸ್ಟರ್! ವರ್ಲಿನ್ ಸೂಟು ಕಳಚಿ, ತೋಳು ಮಡಿಸಿ, ತಟ್ಟೆ ಹೊರಲು ನಿಂತ.

ಒಂದು ಸುತ್ತು ಇಳಿದ ಮೇಲೆ ಲವಾನ್ ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. ಮುಖದ ತುಂಬ ಹಿಟ್ಟು.

"ಶಾಲೆಗೆ ಬರಲ್ಲ ಅಂತೀನಿ" ಎಂದಳು. "ಆದ್ರೆ ಆ ಮೂವತ್ತೆರಡು ಇಂಚು ನಾಳೆ ನನ್ನ ಕಣ್ಣಿಗೆ ಬೀಳಬಾರದು. ಬ್ರಾಂಡಿ ಎಲ್ಲಿದೆ ಅಂತ ಮೂರು ತಿಂಗಳಿಂದ ಹುಡುಕ್ತಾ ಇದೀನಿ."

"ಬೀಳಲ್ಲ" ಎಂದ ವರ್ಲಿನ್.

ನಾಲ್ಕು ತಟ್ಟೆ ಹೊತ್ತು ಹಾಲಿಗೆ ಬಂದರೆ, ಪಕ್ಕದ ಇಲಿನಾಯ್ ರಾಜ್ಯದಿಂದ ರಜಕ್ಕೆ ಬಂದಿದ್ದ ಒಬ್ಬ ದಢೂತಿ ಮನುಷ್ಯ ಮೀನು ಚಪ್ಪರಿಸುತ್ತ ಅವನ ತೋಳು ಹಿಡಿದು ನಿಲ್ಲಿಸಿದ.

"ಇಷ್ಟು ಒಳ್ಳೆ ಮೀನು ನಾನು ಎಲ್ಲೂ ತಿಂದಿಲ್ಲ ಮಾರಾಯ್ರೆ! ಆದ್ರೆ ಅದೇನು, ನಿಮ್ಮ ನಂಬರು ಇನ್ನೊಬ್ಬರ ಪುಟದಲ್ಲಿ ಹುಡುಕ್ಬೇಕಾಯ್ತಲ್ಲ? ನಿಮ್ದೇ ಒಂದು ವೆಬ್‌ಸೈಟ್ ಇಲ್ವಾ?"

ಅಕ್ಕಪಕ್ಕದ ಮೇಜುಗಳಲ್ಲಿ ಫೋರ್ಕುಗಳು ನಿಂತವು. ಅಡುಗೆಮನೆಯ ಬಾಗಿಲಲ್ಲಿ ಲವಾನ್ ಜರಡಿ ಸೌಟು ಹಿಡಿದು ನಿಂತಿದ್ದಳು. ವರ್ಲಿನ್ ಒಮ್ಮೆ ಬಾರ್ ಕಟ್ಟೆಯ ಮೇಲಿನ ದೊಡ್ಡ ಪರದೆಯ ಕಡೆ ನೋಡಿದ. ಒಮ್ಮೆ ಅತ್ತೆಯ ಕಡೆ ನೋಡಿದ.

"ಇಲ್ಲ ಸರ್" ಎಂದ. "ಇನ್ನೂ ಮಾಡಿಸಿಲ್ಲ. ನಮ್ಮತ್ತೆ ಇಸ್ಪೀಟಿನಿಂದ ಬಿಡುವಾದಾಗ ಮಾಡ್ಕೊಡ್ತೀನಿ ಅಂದಿದಾರೆ."